ಅಪ್ಪನ ಕಿವಿಗೊಂದು ಟೋಪಿ

ಡಿಸೆಂಬರ್ ಬಂದರೆ ನಮ್ಮ ಬೀದರ್‌ನಲ್ಲಿ ಬೆಳಗಿನ ಗಾಳಿ ಕಿವಿ ಕೊಯ್ಯುತ್ತದೆ. ಊರು ಇರುವುದೇ ಸುಮಾರು 700 ಮೀಟರ್ ಎತ್ತರದಲ್ಲಿ. ಆದರೂ ಅಪ್ಪ ವಾಕಿಂಗ್ ಬಿಡುವುದಿಲ್ಲ. ಚೌಬಾರಾ ದಾಟಿ, ಗವಾನ್ ಮದರಸಾದ ಮುಂದೆ ಹಾದು, ಕೋಟೆ ಬಾಗಿಲು ಮುಟ್ಟಿ ಬರಬೇಕು. ತಲೆ ಮೇಲೆ ಮಾತ್ರ ಏನೂ ಇರುವುದಿಲ್ಲ.

ಬಜಾರಿನಿಂದ ಮೂರು ಟೋಪಿ ತಂದುಕೊಟ್ಟಿದ್ದೆ. ಮೂರೂ ಟ್ರಂಕ್ ಸೇರಿದ್ದವು. "ಟೋಪಿ ಹಾಕ್ಕೊಂಡ್ರ ಮಶೀನು ಸೀಟಿ ಹೊಡಿತದ ಯವ್ವಾ" ಅಂದರು. ಮಶೀನು ಅಂದರೆ ಕಿವಿಯ ಹಿಂದಿನ ಶ್ರವಣಯಂತ್ರ. ಅದರ ಮೈಕ್ ಕಿವಿಯ ಮೇಲ್ಭಾಗದಲ್ಲಿರುತ್ತದೆ. ಕಿವಿಯೊಳಗಿಂದ ಸೋರಿದ ಸದ್ದು ಬಿಗಿ ಬಟ್ಟೆಗೆ ಬಡಿದು ಮತ್ತೆ ಮೈಕಿಗೇ ಬಂದರೆ ಕುಂಯ್ ಎನ್ನುತ್ತದೆ. ಪಾಪ, ಅಪ್ಪ ಚಳಿ ತಡೆದಾರು, ಆ ಸೀಟಿ ತಡೆಯಲಾರರು.

ಹಾಗಾದರೆ ನಾನೇ ಹೆಣೆಯುತ್ತೇನೆ ಅಂದುಕೊಂಡೆ. ಮನೆಯಲ್ಲಿ ಹಳೆಯ ಕಂಬಳಿಯೇನೋ ಇತ್ತು, ಆದರೆ ನಮ್ಮ ಕಡೆಯ ಕುರಿಯ ಉಣ್ಣೆ ಒರಟು, ಹಣೆಗೆ ಚುಚ್ಚುತ್ತದೆ. ಅಂಗಡಿಯಿಂದ ಮೆತ್ತನೆಯ ಉಣ್ಣೆ ತಂದೆ, ಎಂಟನೇ ನಂಬರಿನ ಎರಡು ಸೂಜಿ ಇದ್ದೇ ಇದ್ದವು. ಹೆಣೆಯುವುದನ್ನು ಚಿಕ್ಕಂದಿನಲ್ಲೇ ಎದುರು ಮನೆಯ ಖಾಲಾ ಕಲಿಸಿದ್ದರು. ಅವರ ಬಾಯಲ್ಲಿ ಎಲ್ಲವೂ ಸೀದಾ, ಉಲ್ಟಾ, ಅಷ್ಟೇ. ಎರಡು ಸೀದಾ ಕುಣಿಕೆ, ಎರಡು ಉಲ್ಟಾ ಕುಣಿಕೆ ಹಾಕುತ್ತಾ ಹೋದರೆ ಅಂಚು ರಬ್ಬರಿನ ಹಾಗೆ ಹಿಗ್ಗುತ್ತದೆ.

ಮೊದಲನೆಯದು 98 ಕುಣಿಕೆಯದು. ನಾಲ್ಕು ರಾತ್ರಿ ಕೂತು ಮುಗಿಸಿದೆ. ಭಾನುವಾರ ಬೆಳಿಗ್ಗೆ ಅಪ್ಪನ ತಲೆಗೆ ಇಟ್ಟೆ. ಕುಂಯ್!

ತಪ್ಪು ನನ್ನದೇ. ತಲೆ ಅಳೆದೇ ಇರಲಿಲ್ಲ, ಅಂದಾಜಿನ ಮೇಲೆ ಹೊರಟಿದ್ದೆ. ಈಗ ಟೇಪ್ ಸುತ್ತಿದೆ, 56 ಸೆಂಟಿಮೀಟರ್. ನನ್ನ ಕೈಯಲ್ಲಿ 10 ಸೆಂಟಿಮೀಟರಿಗೆ 20 ಕುಣಿಕೆ ಬರುತ್ತವೆ. ಅಂದರೆ ಹೊಲಿಗೆಗೆ ಹೋದ ಎರಡು ಕುಣಿಕೆ ಬಿಟ್ಟರೆ ಟೋಪಿ ಬರೀ 48 ಸೆಂಟಿಮೀಟರ್ ಆಗಿತ್ತು. ತಲೆಗಿಂತ ಎರಡರಿಂದ ಐದು ಸೆಂಟಿಮೀಟರ್ ಕಡಿಮೆ ಇದ್ದರೆ ಸಾಕು, ಉಣ್ಣೆ ತಾನಾಗಿ ಹಿಡಿದುಕೊಳ್ಳುತ್ತದೆ. ಎಂಟು ಕಡಿಮೆ ಅಂದರೆ ಬಿಗಿಯಾಗದೆ ಇನ್ನೇನು?

ಪೂರ್ತಿ ಬಿಚ್ಚಿದೆ. ನೂಲು ಗುಂಗುರು ಗುಂಗುರಾಗಿತ್ತು. ಕುರ್ಚಿಯ ಬೆನ್ನಿಗೆ ಸುತ್ತಿ, ಲಡಿ ಮಾಡಿ, ಕುದಿಯುವ ನೀರಿನ ಆವಿಗೆ ದೂರದಿಂದ ಹಿಡಿದೆ. ಅಪ್ಪಟ ಉಣ್ಣೆಯಾದ್ದರಿಂದ ನೆಟ್ಟಗಾಯಿತು. ಅಕ್ರಿಲಿಕ್ ಆಗಿದ್ದರೆ ಬಿಸಿಗೆ ಜೋತುಬಿದ್ದು ಹಾಳಾಗುತ್ತಿತ್ತು.

ಈ ಸಲ 106 ಕುಣಿಕೆ. 104 ಟೋಪಿಗೆ, ಎರಡು ಹಿಂದೆ ಸೇರಿಸಿ ಹೊಲಿಯಲು. ಬರೀ ಅಳತೆ ಸರಿಮಾಡಿದರೆ ಸಾಲದು ಅನಿಸಿತು. ಕಿವಿ ಬರುವ ಎರಡೂ ಜಾಗದಲ್ಲಿ 12 ಕುಣಿಕೆಯಷ್ಟು ಅಗಲಕ್ಕೆ ಜಾಳಿಗೆ ಬಿಡೋಣ ಅಂತ ಯೋಚಿಸಿದೆ. ಎರಡು ಕುಣಿಕೆ ಸೇರಿಸಿ ಒಂದು ಮಾಡಬೇಕು, ಹಿಂದೆಯೇ ಸೂಜಿಗೆ ನೂಲನ್ನು ಒಂದು ಸುತ್ತು ಹಾಕಬೇಕು. ಒಂದು ಹೋಯಿತು, ಒಂದು ಬಂತು. ಲೆಕ್ಕ ತಪ್ಪುವುದಿಲ್ಲ, ನಡುವೆ ಪುಟ್ಟ ತೂತು ಬೀಳುತ್ತದೆ. ಸದ್ದು ಒಳಗೂ ಬರಲಿ, ಹೊರಗೂ ಹೋಗಲಿ.

ಹದಿನೈದು ಸೆಂಟಿಮೀಟರ್ ಆದ ಮೇಲೆ ನೆತ್ತಿ ಶುರು. 104ನ್ನು ಎಂಟು ಪಾಲು ಮಾಡಿದರೆ ಪಾಲಿಗೆ 13. ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ಪ್ರತಿ ಪಾಲಿಗೂ ಒಂದೊಂದು ಕಡಿಮೆ ಮಾಡುತ್ತಾ ಬಂದೆ. ನೆತ್ತಿಯ ಮೇಲೆ ಎಂಟು ಗೆರೆ ಹೂವಿನ ಹಾಗೆ ಕೂಡಿದವು. ಈ ಭಾಗ ನನಗೆ ಯಾವಾಗಲೂ ಇಷ್ಟ, ಎಷ್ಟು ಹೊತ್ತು ಕೂತರೂ ಬೇಸರವಿಲ್ಲ. ಮಧ್ಯಾಹ್ನ ರೊಟ್ಟಿ ತಣ್ಣಗಾದದ್ದೂ ಗೊತ್ತಾಗಲಿಲ್ಲ. ಉಳಿದ ಕುಣಿಕೆಗಳೊಳಗೆ ದಾರ ಪೋಣಿಸಿ, ಎಳೆದು ಬಿಗಿದು, ಹಿಂದಿನ ಹೊಲಿಗೆ ಹಾಕುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು.

ಅಪ್ಪ ಟೋಪಿ ಹಾಕಿಕೊಂಡು ಸುಮ್ನೆ ಕೂತರು. ನಾನು ಉಸಿರು ಹಿಡಿದಿದ್ದೆ. ಸೀಟಿ ಇಲ್ಲ. ತಲೆ ಆಚೆ ಈಚೆ ತಿರುಗಿಸಿದರು. ಆಗಲೂ ಇಲ್ಲ.

ಅಷ್ಟರಲ್ಲಿ ಎದುರಿನ ಕಟ್ಟೆಯಿಂದ ಖಾಲಾ ಕೂಗಿದರು, "ಭಾಯಿ, ಚಾ ಆಯ್ತಾ?"

ಅಪ್ಪ ಟೋಪಿ ತೆಗೆಯಲಿಲ್ಲ. ಕುಳಿತಲ್ಲಿಂದಲೇ ಅಂದರು, "ಇನ್ನಾ ಇಲ್ಲ ನೋಡು, ನಿಮ್ಮನ್ಯಾಗ ಕುಡೀತೀನಿ."