ಸೇಬಿನ ಗಿಡಕ್ಕೊಂದು ಸುಳ್ಳು ಚಳಿಗಾಲ: ಮೂರನೇ ವರ್ಷ

ಡಿಸೆಂಬರ್ 14
ಇವತ್ತು ಎರಡೂ ಸೇಬಿನ ಗಿಡಗಳ ಎಲೆ ಒಂದೂ ಬಿಡದೆ ಕಿತ್ತೆ. ಅವ್ವ ಕಣದಿಂದಲೇ ಕೂಗಿದಳು: "ಚೆನ್ನಾಗಿರೋ ಗಿಡಾನ ಬೋಳಿಸ್ತಿದೀಯಲ್ಲೋ, ನಿಂಗೇನು ಮರುಳಾ?"

ಮರುಳಲ್ಲ. ಸೇಬಿನ ಮರ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ. ಕಾಶ್ಮೀರ, ಹಿಮಾಚಲದ ಹಳೆಯ ತಳಿಗಳಿಗೆ 7 ಡಿಗ್ರಿಗಿಂತ ಕೆಳಗಿನ ಚಳಿ ಸುಮಾರು 1000 ಗಂಟೆ ಸಿಗದಿದ್ದರೆ ಸರಿಯಾಗಿ ಏಳುವುದೇ ಇಲ್ಲ. ನಮ್ಮ ಆಲೂರಿನಲ್ಲಿ ಕಂಬಳಿ ಹೊದ್ದು ಬೆಂಕಿ ಕಾಯಿಸುವ ದಿನವೂ ನನ್ನ ಥರ್ಮಾಮೀಟರ್ 13ರ ಕೆಳಗೆ ಇಳಿದಿಲ್ಲ. ಅದಕ್ಕೇ ಇಸ್ರೇಲಿನ 'ಅನ್ನಾ', ಬಹಾಮಾಸ್ ದ್ವೀಪದ 'ಡಾರ್ಸೆಟ್ ಗೋಲ್ಡನ್' ತಳಿ ಹಾಕಿದ್ದು. ಇವಕ್ಕೆ ಚಳಿ ತುಂಬಾ ಕಡಿಮೆ ಸಾಕು. ಆ ಕಡಿಮೆಯೂ ಇಲ್ಲಿಲ್ಲ ಅನ್ನೋದೇ ತಾಪತ್ರಯ.

ದಾರಿ ಸಿಕ್ಕಿದ್ದು ಇಂಡೋನೇಷ್ಯಾದಿಂದ. ಪೂರ್ವ ಜಾವಾದ ಬಾಟು ಊರಿನ ರೈತರು ಕೊಯ್ಲಾದ ಮೇಲೆ ಕೈಯಿಂದಲೇ ಎಲೆ ಕೀಳುತ್ತಾರೆ. ಮೊಗ್ಗು ಗಾಢ ನಿದ್ದೆಗೆ ಜಾರುವ ಮುಂಚೆಯೇ ಎಬ್ಬಿಸಿದ ಹಾಗೆ. ಹೀಗೆ ವರ್ಷಕ್ಕೆ ಎರಡು ಬೆಳೆ ತೆಗೆಯುತ್ತಾರೆ. ಕಾಫಿ ಹೂವಿನ ಮಳೆಗೆ ಕಾಯುತ್ತದೆ, ಇದು ಎಲೆ ಕೀಳುವವನಿಗೆ ಕಾಯುತ್ತದೆ. ಕೊಂಬೆಗಳನ್ನು ಹಗ್ಗದಿಂದ ಅಡ್ಡಕ್ಕೆ ಬಗ್ಗಿಸಿಯೂ ಕಟ್ಟಿದೆ. ನೆಟ್ಟಗೆ ನಿಂತ ಕೊಂಬೆ ಬರೀ ಎತ್ತರ ಬೆಳೆಯುತ್ತದೆ, ಹೂ ಕಮ್ಮಿ.

ಜನವರಿ 9
ಅನ್ನಾದಲ್ಲಿ ಗುಲಾಬಿ ಬಣ್ಣದ ಮೊಗ್ಗು! ಸೇಬು ಗುಲಾಬಿಯ ನೆಂಟ, ಹೂವಿನಲ್ಲೂ ಆ ಮುಖಚಹರೆ ಇದೆ.

ಜನವರಿ 21
ಎಡವಟ್ಟು. ಅನ್ನಾ ಅರಳಿ ಮುಗಿಯುತ್ತಾ ಬಂತು, ಡಾರ್ಸೆಟ್ ಈಗಷ್ಟೇ ಕಣ್ಣು ಬಿಡುತ್ತಿದೆ. ಬೇರೆ ತಳಿಯ ಪರಾಗ ಬೀಳದೆ ಸೇಬು ಚೆನ್ನಾಗಿ ಕಾಯಿ ಕಚ್ಚುವುದಿಲ್ಲ. ತುಡುವೆ ಜೇನು ಬಂದಿತ್ತು, ಹೊತ್ತು ತರಲು ಪರಾಗವೇ ಇರಲಿಲ್ಲ, ಪಾಪ. ಕೊನೆಗೆ ಉಳಿದ ಹೂಗಳಿಗೆ ಮಗಳ ಪೇಂಟ್ ಬ್ರಷ್‌ನಿಂದ ನಾನೇ ಮುಟ್ಟಿಸಿದೆ.

ಅವಳದೂ ಒಂದು ಗಿಡ ಇದೆ, ಅಂಗಡಿ ಸೇಬಿನ ಬೀಜದ್ದು. ಒದ್ದೆ ಬಟ್ಟೆಯಲ್ಲಿ ಸುತ್ತಿ ಎರಡೂವರೆ ತಿಂಗಳು ಫ್ರಿಜ್‌ನಲ್ಲಿಟ್ಟ ಮೇಲೆ ಮೊಳಕೆ ಬಂತು. ಬೀಜಕ್ಕೂ ಚಳಿ ಬೇಕು! ಆದರೆ ಇದು ತಿಂದ ಸೇಬನ್ನೇ ಕೊಡುತ್ತದೆ ಅಂತ ನಂಬುವ ಹಾಗಿಲ್ಲ. ಒಂದೊಂದು ಬೀಜವೂ ಒಂದೊಂದು ಹೊಸ ತಳಿ. ಜಗತ್ತಿನ 'ಗ್ರಾನಿ ಸ್ಮಿತ್' ಮರಗಳೆಲ್ಲ 1868ರ ಹೊತ್ತಿಗೆ ಆಸ್ಟ್ರೇಲಿಯಾದಲ್ಲಿ ತಾನಾಗಿ ಹುಟ್ಟಿದ ಒಂದೇ ಗಿಡದ ಕಸಿ. ಹಿಪ್ಪಲಿ ಬುಡಕ್ಕೆ ಮೆಣಸು ಕಸಿ ಕಟ್ಟುವ ನಮಗೆ ಇದು ಹೊಸದೇನಲ್ಲ. ಆದರೂ ಅಷ್ಟು ಮರಗಳಿಗೆ ಒಂದೇ ತಾಯಿ ಅಂದರೆ ಅಚ್ಚರಿಯೇ.

ಮೇ 6
ನಾಲ್ಕು ಕಾಯಿ ನಿಂತಿತ್ತು. ಒಂದು ಕೋತಿ ಪಾಲು. ಉಳಿದ ಮೂರನ್ನು ಬಕೆಟ್ ನೀರಿಗೆ ಹಾಕಿದರೆ ತೇಲಿದವು, ಸೇಬಿನ ಕಾಲು ಭಾಗ ಗಾಳಿಯೇ ಅಲ್ವಾ. ಅಡ್ಡ ಕೊಯ್ದಾಗ ಐದು ಕೋಣೆಯ ನಕ್ಷತ್ರ ಕಂಡಿತು. ಲೆಕ್ಕಕ್ಕೆ ಕಾಯಿ ಅಂದರೆ ನಾವು ಎಸೆಯುವ ಆ ನಡುಭಾಗವೇ. ತಿನ್ನುವುದು ಹೂವಿನ ಬುಡ ಊದಿಕೊಂಡದ್ದು. ಗೇರುಹಣ್ಣೂ ಹೀಗೇ, ಊದಿದ ತೊಟ್ಟು.

ಅವ್ವ ಒಂದು ಹೋಳು ಬಾಯಿಗಿಟ್ಟು ಮುಖ ಸಿಂಡರಿಸಿದಳು. "ಹುಳಿ. ಉಪ್ಪಿನಕಾಯಿಗೆ ಆಗುತ್ತೆ." ಉಳಿದ ಎರಡು ಹಣ್ಣು ಸಂಜೆಗೆ ನಿಜವಾಗಿಯೂ ಉಪ್ಪು, ಖಾರದ ಜೊತೆ ಭರಣಿಯಲ್ಲಿದ್ದವು.

ಈ ಸಲ ಡಾರ್ಸೆಟ್ ಎಲೆಯನ್ನು ಹತ್ತು ದಿನ ಮೊದಲೇ ಕೀಳಬೇಕು.