ಡೀವಾರ್ ಇರುವ ಲಿಫ್ಟ್‌ನಲ್ಲಿ ಮನುಷ್ಯ ಇರಬಾರದು

ನಮ್ಮ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ನೆಲಮಹಡಿಯ ಸ್ಟೋರ್‌ನಿಂದ ಮೂರನೇ ಮಹಡಿಯ ವ್ಯಾಕ್ಯೂಮ್ ಲೈನ್‌ಗೆ (ಗಾಳಿ ತೆಗೆದು ಪ್ರಯೋಗ ಮಾಡುವ ಗಾಜಿನ ಸಲಕರಣೆ) ಎಲ್‌ಎನ್‌ಟು, ಅಂದರೆ ದ್ರವ ನೈಟ್ರೋಜನ್, ಸಾಗಿಸುವುದು ಮಾಮೂಲಿ ಕೆಲಸ. ಲಾಗ್‌ಬುಕ್‌ನಲ್ಲಿ ಸಹಿ ನನ್ನದು, ಅದನ್ನು ತುಂಬಿದ ಡೀವಾರ್, ಅಂದರೆ ಥರ್ಮಾಸ್‌ನಂಥ ದೊಡ್ಡ ಪಾತ್ರೆ, ತಳ್ಳುವುದು ಗುತ್ತಿಗೆಯ ಅಟೆಂಡರ್. ಎಸ್‌ಒಪಿ, ಅಂದರೆ ಕೆಲಸದ ಲಿಖಿತ ನಿಯಮ, ಸ್ಪಷ್ಟವಾಗಿದೆ: ಡೀವಾರ್ ಜೊತೆ ಲಿಫ್ಟ್‌ನಲ್ಲಿ ಯಾರೂ ಹೋಗಬಾರದು. ಒಬ್ಬರು ಕೆಳಗಿನಿಂದ ಕಳಿಸಬೇಕು, ಇನ್ನೊಬ್ಬರು ಮೇಲೆ ಇಳಿಸಿಕೊಳ್ಳಬೇಕು. ಅದಕ್ಕೆ ಇಬ್ಬರು ಬೇಕು. ನಮಗೆ ಕೊಟ್ಟಿರುವುದು ಒಬ್ಬರನ್ನು.

ಅವತ್ತು ಪಿಎಚ್‌ಡಿ ಹುಡುಗರೆಲ್ಲ ಸೆಮಿನಾರ್‌ನಲ್ಲಿದ್ದರು. ಅಟೆಂಡರ್ ಒಬ್ಬರೇ ಡೀವಾರ್ ಸಮೇತ ಲಿಫ್ಟ್ ಹತ್ತಿದರು. ಎರಡನೇ ಮಹಡಿ ಮುಟ್ಟುವ ಮೊದಲೇ ಕರೆಂಟ್ ಹೋಯಿತು. ಆ ಲಿಫ್ಟ್‌ಗೆ ಜನರೇಟರ್ ಲೈನ್ ಇಲ್ಲ. ಕರೆಂಟ್ ಹೋದಾಗ ಲಿಫ್ಟನ್ನು ಹತ್ತಿರದ ಮಹಡಿಗೆ ಮುಟ್ಟಿಸುವ ಎಆರ್‌ಡಿ ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿತ್ತು.

ಡೀವಾರ್ ಸುಮ್ನೆ ನಿಂತಿದ್ದರೆ ಅಷ್ಟು ಭಯವಿಲ್ಲ. ಆದರೆ ಲಿಫ್ಟ್ ಜಗ್ಗಿ ನಿಂತಾಗ ಅದು ವಾಲಿ, ಬಾಯಿಯಿಂದ ಸ್ವಲ್ಪ ಚೆಲ್ಲಿತ್ತು. ‘ಸರ್, ಕಾಲ ಹತ್ರ ಹೊಗೆ ತರ ಬರ್ತಿದೆ’ ಎಂದು ಒಳಗಿನಿಂದ ಕೂಗಿದರು. ಬಾಗಿಲ ಸಂದಿಯಿಂದ ಬಿಳಿ ಮಂಜು ನಮ್ಮ ಕಡೆಗೂ ಇಳಿಯುತ್ತಿತ್ತು.

ಎಷ್ಟು ಚೆಲ್ಲಿದೆ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ. ಒಂದು ಲೀಟರ್ ದ್ರವ ಸುಮಾರು 700 ಲೀಟರ್ ಗ್ಯಾಸ್ ಆಗುತ್ತದೆ. ಆ ಲಿಫ್ಟ್ ಒಳಗಿನ ಗಾಳಿಯೇ ಮೂರು-ನಾಲ್ಕು ಸಾವಿರ ಲೀಟರ್ ಇದ್ದೀತು. ಎರಡು ಲೀಟರ್ ಚೆಲ್ಲಿದರೂ ಶೇ. 21 ಇರುವ ಆಮ್ಲಜನಕ 14ರ ಆಸುಪಾಸಿಗೆ ಬಂದುಬಿಡುತ್ತದೆ. ವಾಸನೆ ಇಲ್ಲ, ಕೆಮ್ಮು ಇಲ್ಲ. ಉಸಿರು ಕಟ್ಟಿದ ಹಾಗೂ ಅನ್ನಿಸುವುದಿಲ್ಲ, ಯಾಕೆಂದರೆ ಆ ಸಂಕಟ ಕೊಡುವುದು ಮೈಯಲ್ಲಿ ಸೇರುವ ಇಂಗಾಲದ ಡೈಆಕ್ಸೈಡ್. ಅದು ಇಲ್ಲಿ ಎಂದಿನಂತೆ ಹೊರಹೋಗುತ್ತಲೇ ಇರುತ್ತದೆ. ಮನುಷ್ಯ ಗೊತ್ತೇ ಆಗದೆ ಕುಸಿಯುತ್ತಾನೆ.

‘ಕೂರಬೇಡಿ, ಬಗ್ಗಬೇಡಿ, ಡೀವಾರ್ ಮುಟ್ಟಬೇಡಿ. ಬಾಗಿಲ ಸಂದಿಗೆ ಮೂಗು ಇಟ್ಟು ನಿಲ್ಲಿ’ ಎಂದೆ. ತಣ್ಣನೆಯ ನೈಟ್ರೋಜನ್ ಮೊದಲು ತುಂಬುವುದು ಕೆಳಗೆ. ಮಾತು ನಿಲ್ಲಬಾರದು ಅಂತ ಮಗಳ ಸ್ಕೂಲು, ಊರಿನ ಮಳೆ, ಬಾಯಿಗೆ ಬಂದದ್ದೆಲ್ಲ ಕೇಳುತ್ತಾ ಹೋದೆ. ಒಂದು ಸಲ ಉತ್ತರ ತಡವಾಯಿತು. ಆಗ ನನ್ನ ಕೈ ನಡುಗಿದ್ದು ನಿಜ. ಬಾಗಿಲು ತೆಗೆಯುವ ಕೀ ಇದ್ದದ್ದು ಮೇನ್ ಗೇಟ್ ಸೆಕ್ಯುರಿಟಿ ಬಳಿ. ಹುಡುಗನೊಬ್ಬ ಬೈಕ್‌ನಲ್ಲಿ ಹೋಗಿ ತಂದ. ಬಾಗಿಲು ಸರಿಸಿದಾಗ ಅವರು ನಿಂತೇ ಇದ್ದರು. ಕ್ಯಾನ್ವಾಸ್ ಶೂ ಮಾತ್ರ ಗಟ್ಟಿಯಾಗಿ ಬಿಳಿಚಿಕೊಂಡಿತ್ತು.

ಮರುದಿನ ಮೆಮೊ ಬಂತು. ಅಟೆಂಡರ್‌ಗೆ! ಎಸ್‌ಒಪಿ ಇರುವುದು ಇಂಗ್ಲಿಷ್‌ನಲ್ಲಿ, ಅವರಿಗೆ ಅದನ್ನು ಯಾರೂ ಓದಿ ಹೇಳಿರಲಿಲ್ಲ. ಇದು ಅನ್ಯಾಯ, ಅಲ್ವಾ? ಅಮೆರಿಕದ ಯುಸಿಎಲ್‌ಎಯಲ್ಲಿ 2008ರ ಡಿಸೆಂಬರ್‌ನಲ್ಲಿ ಲ್ಯಾಬ್ ಬೆಂಕಿಗೆ ಸಿಕ್ಕಿದ ಶೆರಿ ಸಾಂಗ್ಜಿ ಮುಂದಿನ ತಿಂಗಳು ತೀರಿಕೊಂಡರು. ಅವರು ಲ್ಯಾಬ್ ಕೋಟ್ ಹಾಕಿರಲಿಲ್ಲ. ಆದರೂ ಕ್ರಿಮಿನಲ್ ಕೇಸ್ ಬಿದ್ದದ್ದು ಪ್ರೊಫೆಸರ್ ಮೇಲೆ, ವಿಶ್ವವಿದ್ಯಾಲಯದ ಆಡಳಿತದ ಮೇಲೆ. ತರಬೇತಿ ಕೊಡುವುದು, ಸಲಕರಣೆ ಕೊಡುವುದು ಯಾರ ಕೆಲಸ ಅನ್ನುವುದೇ ಅಲ್ಲಿ ಪ್ರಶ್ನೆಯಾಗಿತ್ತು. ನಮ್ಮ ಸೇಫ್ಟಿ ಕಮಿಟಿ ಕೇಳಿದ್ದು ರಿಜಿಸ್ಟರ್ ಮಾತ್ರ. ಆಕ್ಸಿಜನ್ ಮಾನಿಟರ್‌ಗೆ ಹಾಕಿದ್ದ ಇಂಡೆಂಟ್ (ಖರೀದಿ ಬೇಡಿಕೆ) ‘ಯಾವ ಹೆಡ್?’, ಅಂದರೆ ಯಾವ ಲೆಕ್ಕದ ದುಡ್ಡಿನಿಂದ, ಎಂಬ ಷರಾ ಹೊತ್ತು ಫೈನಾನ್ಸ್‌ನಿಂದ ವಾಪಸ್ ಬಂದಿತ್ತು. ಅದನ್ನು ಯಾರೂ ಕೇಳಲಿಲ್ಲ.

ಮೆಮೊಗೆ ಉತ್ತರ ನಾನೇ ಬರೆದು ಆ ಇಂಡೆಂಟ್ ಪ್ರತಿ ಲಗತ್ತಿಸಿದೆ. ಮೆಮೊ ವಾಪಸ್ ಹೋಯಿತು. ಈಗ ಲಿಫ್ಟ್ ಪಕ್ಕ ಕನ್ನಡದಲ್ಲಿ ಬೋರ್ಡ್ ಇದೆ. ಲಿಫ್ಟ್ ಕೀ ನಮ್ಮ ಮಹಡಿಯಲ್ಲೇ ಇದೆ. ಇಬ್ಬರು ಸಿಗದ ದಿನ ವ್ಯಾಕ್ಯೂಮ್ ಲೈನ್ ಬಂದ್, ಯಾರ ಥೀಸಿಸ್ ನಿಂತರೂ ಸರಿ. ಎರಡನೇ ಅಟೆಂಡರ್ ಮತ್ತು ಮಾನಿಟರ್, ಎರಡಕ್ಕೂ ಫೈಲ್ ಮತ್ತೆ ಕಳಿಸಿದ್ದೇನೆ.