ದೊಡ್ಡಮ್ಮನಿಗೆ ಮನೆ ನೋಡಿದ್ದು

ಇಂಗ್ಲೆಂಡಿನಲ್ಲಿ ವಯಸ್ಸಾದವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಕೇರ್ ಹೋಮ್ ನೋಡಲು ಹೋದರೆ ಮೊದಲು ಕಾಫಿ ಕೊಡುತ್ತಾರೆ. ಆಮೇಲೆ ಮಿನುಗುವ ಪುಸ್ತಿಕೆಯೊಂದನ್ನು ಕೈಗಿಡುತ್ತಾರೆ. ಪುಟ್ಟ ಸಿನಿಮಾ ಕೋಣೆ, ಸಲೂನ್, ತೋಟಕ್ಕೆ ತೆರೆಯುವ ಊಟದ ಹಾಲ್, ಎಲ್ಲ ತೋರಿಸುತ್ತಾರೆ. ಇದೆಲ್ಲ ದುಡ್ಡು ಕಟ್ಟುವ ಮಕ್ಕಳಿಗೆ. ಅಲ್ಲಿ ಇರಬೇಕಾದ ಅಜ್ಜಿಗೆ ಸಿನಿಮಾ ಕೋಣೆ ಯಾವ ಕಡೆ ಅನ್ನೋದೇ ನೆನಪಿರುವುದಿಲ್ಲ. ಸಂಜೆ ಐದಕ್ಕೆ ಗಾಬರಿಯಾಗಿ ಎದ್ದು ನಿಂತಾಗ ಕೈ ಹಿಡಿದು ಕೂರಿಸಲು ಗುರುತಿನವರು ಯಾರಾದರೂ ಬೇಕು. ಅಂಥವರು ಇದ್ದಾರೋ ಇಲ್ಲವೋ ಎಂದು ಪತ್ತೆ ಮಾಡುವುದೇ ಮನೆ ನೋಡುವ ಕೆಲಸ.

ನಾನು ಇದಕ್ಕೆ ಇಳಿದದ್ದು ಮರೆವಿನ ಕಾಯಿಲೆ (ಡಿಮೆನ್ಷಿಯಾ) ಬಂದ ದೊಡ್ಡಮ್ಮನಿಗಾಗಿ, ಅಮ್ಮನ ಅಕ್ಕ. ಎಪ್ಪತ್ತರ ದಶಕದಲ್ಲಿ ದೊಡ್ಡಪ್ಪ ಡಾಕ್ಟರಾಗಿ ಇಲ್ಲಿಗೆ ಬಂದಾಗ ಜೊತೆಗೆ ಬಂದವರು. ಆ ಕಾಲದಲ್ಲಿ ನಮ್ಮ ಕಡೆಯ ಮೆಡಿಕಲ್ ಕಾಲೇಜುಗಳಿಂದ ಬಂದ ಎಷ್ಟೋ ಜನ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಸೇರಿ ಇಲ್ಲೇ ಉಳಿದರು. ಈಗ ಆ ತಲೆಮಾರಿಗೆ ಎಂಬತ್ತರ ಆಸುಪಾಸು. ದೊಡ್ಡಪ್ಪ ತೀರಿಹೋಗಿದ್ದಾರೆ. ಅಣ್ಣ ಅಮೆರಿಕದಲ್ಲಿದ್ದಾನೆ. ಹತ್ತಿರ ಇರುವವಳು ನಾನೇ. ಹಾಗಾಗಿ ಓಡಾಟ ನನ್ನದು, ಫೋನಿನಲ್ಲಿ ಪ್ರಶ್ನೆ ಅಣ್ಣನದು, ಅಳು ಅಮ್ಮನದು.

"ಅಲ್ವೇ, ಅಕ್ಕನ್ನ ಯಾರದೋ ಕೈಗೆ ಕೊಟ್ಟುಬಿಡ್ತೀರಾ? ಮನೇಲೇ ಒಬ್ಬರನ್ನ ಇಟ್ಕೊಂಡ್ರೆ ಆಗಲ್ವಾ?" ಅಂತ ಅಮ್ಮ ಮೈಸೂರಿನಿಂದ ಕೇಳಿದಳು. ಊರಿನವರೆಲ್ಲ ಕೇಳುವ ಪ್ರಶ್ನೆ ಇದು. ತಪ್ಪಲ್ಲ. ಆದರೆ ಇಲ್ಲಿ ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತದ ಮೂಲಕ ಮನೆಗೆ ಬರುವ ಕೇರರ್ ಸಾಮಾನ್ಯವಾಗಿ ಅರ್ಧ ಗಂಟೆ ಇರುತ್ತಾರೆ, ದಿನಕ್ಕೆ ಹೆಚ್ಚೆಂದರೆ ನಾಲ್ಕು ಸಲ. ಮನೆಯಲ್ಲೇ ಉಳಿಯುವವರನ್ನು ಇಟ್ಟರೆ ಖರ್ಚು ಹೆಚ್ಚೂಕಡಿಮೆ ಕೇರ್ ಹೋಮಿನಷ್ಟೇ ಆಗುತ್ತದೆ. ಅವರೂ ರಾತ್ರಿ ನಿದ್ದೆ ಮಾಡಬೇಕಲ್ಲ! ದೊಡ್ಡಮ್ಮ ಏಳುವುದು ಆಗಲೇ. ಜನವರಿ ಚಳಿಯಲ್ಲಿ ನೈಟಿ ಮೇಲೆ ಶಾಲು ಹೊದ್ದು, ಚಪ್ಪಲಿ ಹಾಕಿಕೊಂಡು, ಮೈಸೂರಿನ ದೇವರಾಜ ಮಾರ್ಕೆಟ್ಟಿಗೆ ಹೂವು ತರಲು ಹೊರಟಿದ್ದರು.

ಅದಾದ ಮೇಲೆ ಪೊಲೀಸರು ಹರ್ಬರ್ಟ್ ಪ್ರೋಟೊಕಾಲ್ ಎಂಬ ಫಾರಂ ತುಂಬಿಸಿಕೊಂಡರು. ಜಾರ್ಜ್ ಹರ್ಬರ್ಟ್ ಅಂತ ಒಬ್ಬರು ನಾರ್ಮಂಡಿ ಯುದ್ಧಕ್ಕೆ ಹೋಗಿ ಬಂದವರು. ಕೊನೆಗಾಲದಲ್ಲಿ ಮರೆವಿನ ಕಾಯಿಲೆ ಬಂದು, ತಾವು ಹುಟ್ಟಿ ಬೆಳೆದ ಮನೆ ಹುಡುಕುತ್ತಾ ಹೋಗಿ ತೀರಿಕೊಂಡರು. ಅವರ ಹೆಸರಿನದು ಇದು. ಫೋಟೊ, ಔಷಧಿ, ಹಳೆಯ ವಿಳಾಸಗಳು, ಹೋಗಬಹುದಾದ ಜಾಗಗಳನ್ನು ಮೊದಲೇ ಬರೆದಿಟ್ಟರೆ ಕಳೆದುಹೋದ ದಿನ ಹುಡುಕಾಟ ಬೇಗ ಶುರುವಾಗುತ್ತದೆ. ಹೋಗಬಹುದಾದ ಜಾಗದಲ್ಲಿ ದೇವರಾಜ ಮಾರ್ಕೆಟ್ ಅಂತಲೂ ಬರೆದೆ. ಆ ಪೊಲೀಸಮ್ಮ ಅದನ್ನು ಗಂಭೀರವಾಗಿಯೇ ಓದಿಕೊಂಡರು.

ಇಂಗ್ಲೆಂಡಿನಲ್ಲಿ ಕೇರ್ ಹೋಮ್‌ಗಳ ಮೇಲೆ ಕಣ್ಣಿಡಲು ಸಿಕ್ಯುಸಿ ಎಂಬ ಸಂಸ್ಥೆ ಇದೆ. ತಪಾಸಣೆ ಮಾಡಿ ನಾಲ್ಕು ದರ್ಜೆ ಕೊಡುತ್ತದೆ: ಅತ್ಯುತ್ತಮ, ಒಳ್ಳೆಯದು, ಸುಧಾರಿಸಬೇಕು, ಸಾಲದು. ಆ ದರ್ಜೆಯನ್ನು ಬಾಗಿಲ ಹತ್ತಿರ ಕಾಣುವ ಹಾಗೆ ಹಾಕಲೇಬೇಕು, 2015ರಿಂದ ಇದು ಕಾನೂನು. ಸ್ಕಾಟ್ಲೆಂಡಿಗೂ ವೇಲ್ಸಿಗೂ ಬೇರೆ ಬೇರೆ ಸಂಸ್ಥೆಗಳು. ದರ್ಜೆ ನೋಡಿ ಸುಮ್ನೆ ಖುಷಿಪಡಬಾರದು, ತಪಾಸಣೆಯ ತಾರೀಖು ನೋಡಬೇಕು. ವರ್ಷಗಟ್ಟಲೆ ಹಳೆಯ ವರದಿಯ ಮೇಲೆ ಒಳ್ಳೆಯದು ಅನ್ನಿಸಿಕೊಂಡ ಮನೆಗಳಿವೆ. ಈ ಮಧ್ಯೆ ಮ್ಯಾನೇಜರ್ ಬದಲಾಗಿರುತ್ತಾರೆ, ಮಾಲೀಕರೇ ಬದಲಾಗಿರುತ್ತಾರೆ. ನನ್ನನ್ನು ಕೇಳಿದರೆ ಮ್ಯಾನೇಜರ್ ಎಷ್ಟು ವರ್ಷದಿಂದ ಇದ್ದಾರೆ ಅನ್ನುವುದು ದರ್ಜೆಗಿಂತ ದೊಡ್ಡ ವಿಷಯ. ಒಂದು ಮನೆಯಲ್ಲಿ ಇದನ್ನು ಕೇಳಿದ್ದಕ್ಕೆ ನಮ್ಮನ್ನು ಸುತ್ತಾಡಿಸುತ್ತಿದ್ದ ಹುಡುಗಿ ತಡವರಿಸಿ, "ಸದ್ಯಕ್ಕೆ ಹುಡುಕುತ್ತಿದ್ದೇವೆ" ಎಂದಳು. ಆ ಮನೆ ಅಲ್ಲಿಗೇ ಮುಗಿಯಿತು.

ದುಡ್ಡಿನ ವಿಷಯಕ್ಕೆ ಬರೋಣ. ಆಸ್ಪತ್ರೆ ಇಲ್ಲಿ ಪುಕ್ಕಟೆ, ಆದರೆ ಮರೆವಿನವರ ಆರೈಕೆ ಪುಕ್ಕಟೆಯಲ್ಲ. ಇದು ಊರಿನವರಿಗೆ ನಂಬಲು ಕಷ್ಟ. ವಾರಕ್ಕೆ ಸಾವಿರ ಪೌಂಡ್ ಮೀರುವುದು ಮಾಮೂಲು, ಅಂದರೆ ಲಕ್ಷ ರೂಪಾಯಿ ಮೇಲೆ. ಕೈಯಲ್ಲಿ 23,250 ಪೌಂಡ್‌ಗಿಂತ ಜಾಸ್ತಿ ಇದ್ದರೆ ಇಂಗ್ಲೆಂಡಿನಲ್ಲಿ ಪೂರ್ತಿ ಖರ್ಚು ನಮ್ಮದೇ. ಈ ಮಿತಿ 2010ರಿಂದ ಒಂದು ಪೌಂಡೂ ಏರಿಲ್ಲ. ಒಬ್ಬರೇ ಇದ್ದವರಾದರೆ ಸ್ವಂತ ಮನೆಯ ಬೆಲೆಯನ್ನೂ ಸಾಮಾನ್ಯವಾಗಿ ಲೆಕ್ಕಕ್ಕೆ ಸೇರಿಸುತ್ತಾರೆ. ಗಂಡನೋ ಹೆಂಡತಿಯೋ ಆ ಮನೆಯಲ್ಲಿ ಇನ್ನೂ ವಾಸವಿದ್ದರೆ ಸೇರಿಸುವುದಿಲ್ಲ. ದೊಡ್ಡಪ್ಪ ಹೊಟ್ಟೆಬಟ್ಟೆ ಕಟ್ಟಿ ಕೊಂಡ ಮನೆ ಹೀಗೆ ವಾರ ವಾರ ಕರಗುತ್ತದೆ. ಇನ್ನೊಂದು ಅನ್ಯಾಯವೂ ಇದೆ. ಅದೇ ಸೌಕರ್ಯಕ್ಕೆ ದುಡ್ಡಿಲ್ಲದವರ ಪರವಾಗಿ ಕೌನ್ಸಿಲ್ ಕಡಿಮೆ ಕೊಡುತ್ತದೆ, ಸ್ವಂತ ದುಡ್ಡಿನವರು ಜಾಸ್ತಿ ಕೊಡುತ್ತಾರೆ. ವ್ಯಾಪಾರ ಪೈಪೋಟಿ ನೋಡಿಕೊಳ್ಳುವ ಸರ್ಕಾರಿ ಪ್ರಾಧಿಕಾರ 2017ರಲ್ಲಿ ಲೆಕ್ಕ ಹಾಕಿದಾಗ ಸರಾಸರಿ ವ್ಯತ್ಯಾಸ ಶೇಕಡಾ 41 ಇತ್ತು. ಅಣ್ಣನಿಗೆ ಇದನ್ನು ಹೇಳಿದಾಗ ಅವನು ಬೈದದ್ದನ್ನು ಇಲ್ಲಿ ಬರೆಯಲಾರೆ.

ದೊಡ್ಡಪ್ಪನ ದೂರದೃಷ್ಟಿಯಿಂದ ಒಂದು ತಲೆನೋವು ತಪ್ಪಿತ್ತು. ದೊಡ್ಡಮ್ಮನ ಬುದ್ಧಿ ಸರಿ ಇದ್ದಾಗಲೇ ಲಾಸ್ಟಿಂಗ್ ಪವರ್ ಆಫ್ ಅಟಾರ್ನಿ ಮಾಡಿಸಿದ್ದರು, ಅಂದರೆ ಮುಂದೆ ಅವರ ಪರವಾಗಿ ಬೇರೆಯವರು ತೀರ್ಮಾನ ಮಾಡಲು ಅಧಿಕಾರ ಕೊಡುವ ಪತ್ರ. ಹಣಕಾಸಿಗೆ ಒಂದು, ಆರೋಗ್ಯಕ್ಕೆ ಒಂದು, ಎರಡೂ ಬೇಕು. ವಿಷಯ ತಿಳಿದು ತೀರ್ಮಾನ ಮಾಡುವ ಶಕ್ತಿ ಹೋದ ಮೇಲೆ ಇದನ್ನು ಮಾಡಿಸಲು ಬರುವುದಿಲ್ಲ. ಆಗ ಕೋರ್ಟ್ ಆಫ್ ಪ್ರೊಟೆಕ್ಷನ್‌ಗೆ ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯಬೇಕು.

ಇನ್ನು ಮನೆ ನೋಡಿದ ಕಥೆ. ಮೊದಲ ಭೇಟಿಗೆ ಹೇಳಿಯೇ ಹೋಗುತ್ತಿದ್ದೆ. ಹಿಡಿಸಿದರೆ ಎರಡನೆಯ ಸಲ ಹೇಳದೆ, ಭಾನುವಾರವೋ ಕತ್ತಲಾಗುವ ಹೊತ್ತಿಗೋ. ಮರೆವಿನವರಿಗೆ ಹೊತ್ತು ಮುಳುಗುವ ಸಮಯದಲ್ಲಿ ತಳಮಳ ಜಾಸ್ತಿ. ಮಗು ಸ್ಕೂಲಿಂದ ಬಂತಾ, ಗಂಡನಿಗೆ ಊಟ ಆಯ್ತಾ, ಬಾಗಿಲು ಯಾವುದು ಅಂತ ಓಡಾಡುತ್ತಾರೆ. ಕೆಲಸದವರ ಪಾಳಿ ಬದಲಾಗುವುದೂ ಎಷ್ಟೋ ಕಡೆ ಅದರ ಹಿಂದೆಮುಂದೆಯೇ. ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲ ಮನೆಗಳೂ ಚೆನ್ನಾಗಿರುತ್ತವೆ.

ಬಹಳ ಹೊಸದಾದ, ಹೋಟೆಲಿನಂಥ ಒಂದು ಕಟ್ಟಡ. ಸಂಜೆ ಹೋದರೆ ಹಾಲಿನಲ್ಲಿ ಗೋಡೆಗುಂಟ ಕುರ್ಚಿ, ಎಲ್ಲರೂ ಸಾಲಾಗಿ ತೂಕಡಿಸುತ್ತಿದ್ದರು. ಟಿವಿ ಯಾರೂ ನೋಡದೆ ಓಡುತ್ತಿತ್ತು. ಯಾವುದೋ ರೂಮಿನ ಕರೆಗಂಟೆ ಬಾರಿಸುತ್ತಲೇ ಇತ್ತು, ಯಾರೂ ಹೋಗಲಿಲ್ಲ. ನೆಲಕ್ಕೆ ಹೊಳೆಯುವ ಟೈಲ್ಸ್ ಹಾಕಿದ್ದರು. ಡಿಮೆನ್ಷಿಯಾ ಇರುವವರಿಗೆ ಹೊಳೆಯುವ ನೆಲ ನೀರು ನಿಂತಂತೆ ಕಾಣಬಹುದು, ಬಾಗಿಲಲ್ಲಿರುವ ಕಪ್ಪು ಕಾಲೊರಸು ಗುಂಡಿಯಂತೆ ಕಾಣಬಹುದು. ಹೆಜ್ಜೆ ಇಡಲು ಹೆದರಿ ಎಡವುತ್ತಾರೆ. ಸ್ಕಾಟ್ಲೆಂಡಿನ ಸ್ಟರ್ಲಿಂಗ್ ವಿಶ್ವವಿದ್ಯಾಲಯದವರು ಇಂಥ ವಿನ್ಯಾಸದ ಮೇಲೆ ವರ್ಷಗಳಿಂದ ಕೆಲಸ ಮಾಡುತ್ತಿದ್ದಾರೆ. ನೆಲ ಒಂದೇ ಬಣ್ಣ ಇರಲಿ, ಟಾಯ್ಲೆಟ್ ಸೀಟ್ ಎದ್ದು ಕಾಣುವ ಬಣ್ಣದ್ದಾಗಿರಲಿ, ಬಾಗಿಲ ಪಕ್ಕ ಅವರವರ ಹಳೆಯ ಫೋಟೊ ಇರಲಿ. ಖರ್ಚಿನ ಬಾಬತ್ತೇನಲ್ಲ.

ಇನ್ನೊಂದು ಹಳೆಯ ಮನೆ. ಕಾರ್ಪೆಟ್ ಸವೆದಿತ್ತು, ಲಿಫ್ಟ್ ಗೊರಗೊರ ಅನ್ನುತ್ತಿತ್ತು. ಆದರೆ ಒಬ್ಬ ಅಜ್ಜ ಟೀ ಟವೆಲ್ ಮಡಚುತ್ತಾ ಕೂತಿದ್ದರು, ಒಬ್ಬ ಅಜ್ಜಿ ಟೇಬಲ್ ಒರೆಸುತ್ತಿದ್ದರು. ಕೇರರ್ ಹುಡುಗನೊಬ್ಬ ಅವರ ಜೊತೆ ಮೊಣಕಾಲೂರಿ ಕೂತು, ಕಣ್ಣಿಗೆ ಕಣ್ಣು ಕೊಟ್ಟು ಮಾತಾಡುತ್ತಿದ್ದ. ಅವರು ರೈಲ್ವೆಯಲ್ಲಿದ್ದರು, ಇವರಿಗೆ ಟೀ ಸಕ್ಕರೆ ಇಲ್ಲದೆ ಅಂತ ನಮಗೆ ಹೇಳಿದ. ನಾನು ಆ ಹುಡುಗನ ಹತ್ತಿರವೇ ಕೇಳಿದೆ, ರಾತ್ರಿ ಎಷ್ಟು ಜನ ಇರ್ತೀರಿ, ಏಜೆನ್ಸಿಯಿಂದ ಬರುವವರು ಎಷ್ಟು ಅಂತ. ಇಷ್ಟು ಜನಕ್ಕೆ ಇಷ್ಟು ಕೇರರ್ ಇರಲೇಬೇಕು ಎಂಬ ಲೆಕ್ಕ ಇಲ್ಲಿನ ಕಾನೂನಿನಲ್ಲಿ ಇಲ್ಲ. ಸಾಕಷ್ಟು ಜನ ಇರಬೇಕು ಅನ್ನುತ್ತದೆ ಅಷ್ಟೇ. ಹಾಗಾಗಿ ಕೇಳದೆ ಗೊತ್ತಾಗುವುದಿಲ್ಲ.

ಮ್ಯಾನೇಜರನ್ನು ಕೇಳಿದ ಪ್ರಶ್ನೆಗಳು ಬೇರೆ. ಗಲಾಟೆ ಮಾಡಿದರೆ ಮಂಕು ಕವಿಸುವ ಮಾತ್ರೆ ಕೊಡುತ್ತೀರಾ? ಕೊಡುವ ಮುಂಚೆ ಇನ್ನೇನು ಪ್ರಯತ್ನ ಮಾಡುತ್ತೀರಿ? ಒಳ್ಳೆಯ ಮನೆಯವರು ಮೊದಲು ನೋವು, ಮಲಬದ್ಧತೆ, ಮೂತ್ರದ ಸೋಂಕು ನೋಡುತ್ತೇವೆ ಅನ್ನುತ್ತಾರೆ. ಹೇಳಲು ಬಾರದ ನೋವೇ ಎಷ್ಟೋ ಸಲ ಕೂಗಾಟವಾಗಿ ಹೊರಬರುತ್ತದೆ. ತೂಕ ಎಷ್ಟು ದಿನಕ್ಕೊಮ್ಮೆ ನೋಡುತ್ತೀರಿ? ಕಾಯಿಲೆ ಮುಂದುವರಿದರೆ ಇಲ್ಲೇ ಇಟ್ಟುಕೊಳ್ಳುತ್ತೀರಾ, ಇಲ್ಲ ಬೇರೆ ಕಡೆ ಕರೆದುಕೊಂಡು ಹೋಗಿ ಅನ್ನುತ್ತೀರಾ? ರೆಸಿಡೆನ್ಷಿಯಲ್ ಹೋಮ್‌ಗಳಲ್ಲಿ ಸ್ವಂತ ನರ್ಸ್ ಇರುವುದಿಲ್ಲ, ನರ್ಸಿಂಗ್ ಹೋಮ್‌ಗಳಲ್ಲಿ ಹಗಲೂ ರಾತ್ರಿ ಇರುತ್ತಾರೆ. ಊರಿನಲ್ಲಿ ನರ್ಸಿಂಗ್ ಹೋಮ್ ಅಂದರೆ ಹೆರಿಗೆ ಆಸ್ಪತ್ರೆ ನೆನಪಾಗುತ್ತದೆ, ಇದು ಅದಲ್ಲ.

ಬಾಗಿಲಿಗೆ ನಂಬರ್ ಲಾಕ್ ಇತ್ತು. ಅಣ್ಣ ವಿಡಿಯೊ ಕಾಲಿನಲ್ಲಿ ಅದನ್ನು ನೋಡಿ, "ಇದೇನು ಜೈಲಾ?" ಅಂದ. ಹಾಗೆ ಸುಮ್ಮನೆ ಕೂಡಿಹಾಕುವಂತಿಲ್ಲ. ತೀರ್ಮಾನಿಸುವ ಶಕ್ತಿ ಇಲ್ಲದವರನ್ನು ಹೊರಗೆ ಬಿಡದೆ ಇಡಬೇಕಾದರೆ ಕೇರ್ ಹೋಮಿನವರು ಕೌನ್ಸಿಲ್ಲಿನಿಂದ ಡೋಲ್ಸ್ ಎಂಬ ಅನುಮತಿ ಕೇಳಬೇಕು. ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಲೂಬಹುದು.

ಕೊನೆಗೆ ಊಟ ಮತ್ತು ಮಾತು. ದೊಡ್ಡಮ್ಮನ ಇಂಗ್ಲಿಷ್ ಸವೆಯುತ್ತಾ ಬಂದಿತ್ತು. ಐವತ್ತು ವರ್ಷ ಆಡಿದ ಭಾಷೆ ಹೋಗಿ ಮೈಸೂರಿನ ಕನ್ನಡ ಉಳಿದುಕೊಂಡಿತ್ತು. ಮರೆವಿನಲ್ಲಿ ಆಮೇಲೆ ಕಲಿತ ಭಾಷೆ ಹೀಗೆ ಮೊದಲು ಜಾರುವುದು ಅಪರೂಪವೇನಲ್ಲ. ಲೆಸ್ಟರ್, ಹ್ಯಾರೋ ಕಡೆ ಗುಜರಾತಿಗಳಿಗೆ ಹೊಂದುವ ಮನೆಗಳಿವೆ. ಕನ್ನಡದವರಿಗೆಂದೇ ಇರುವ ಮನೆ ನಾನು ಕಂಡಿಲ್ಲ. ಸಸ್ಯಾಹಾರ ಅಂದರೆ ಎಲ್ಲರೂ ತಲೆಯಾಡಿಸುತ್ತಾರೆ. ಜೆಲ್ಲಿಯಲ್ಲಿ ಜೆಲಟಿನ್ ಇದೆಯಾ, ಕೇಕಿಗೆ ಮೊಟ್ಟೆ ಹಾಕ್ತೀರಾ, ಕೈಯಲ್ಲಿ ಕಲಸಿ ತಿಂದರೆ ಸುಮ್ಮನಿರ್ತೀರಾ ಅಂತ ಒಂದೊಂದಾಗಿ ಕೇಳಬೇಕು. ಹಳೆಯ ಮನೆಯ ಅಡುಗೆಯವರು ಮೊಸರನ್ನ ಮಾಡುವುದನ್ನು ಬರೆದುಕೊಡಿ ಅಂದರು. ಮತ್ತೆ ಅಲ್ಲಿನ ರಾತ್ರಿ ನರ್ಸ್ ಕೇರಳದವಳು, ನರ್ಸಿಂಗ್ ಓದಿದ್ದು ಬೆಂಗಳೂರಿನಲ್ಲಿ. ದೊಡ್ಡಮ್ಮನನ್ನು ಹೊಂದುತ್ತದೋ ನೋಡೋಣ ಎಂದು ಎರಡು ವಾರ ಇರಿಸಿದಾಗ, "ಅಮ್ಮ, ಊಟ ಆಯ್ತಾ?" ಅಂದಳಂತೆ. ದೊಡ್ಡಮ್ಮ ಅವಳಿಗೆ ಕೂಡಲೇ ನಾಲ್ಕು ಕೆಲಸ ಹೇಳಿದರಂತೆ!

ಅಲ್ಲಿಗೇ ಸೇರಿಸಿದೆವು. ಸೇರಿಸುವಾಗ, ಮರೆವಿನವರಿಗಾಗಿ ಕೆಲಸ ಮಾಡುವ ಅಲ್ಝೈಮರ್ಸ್ ಸೊಸೈಟಿಯ 'ದಿಸ್ ಈಸ್ ಮಿ' ಎಂಬ ಹಾಳೆಗಳನ್ನು ತುಂಬಿ ಕೊಟ್ಟೆ. ಸ್ನಾನ ಬೆಳಿಗ್ಗೆಯೇ ಆಗಬೇಕು, ಕುಂಕುಮ ಇಲ್ಲದೆ ಕನ್ನಡಿ ಮುಂದೆ ನಿಲ್ಲಿಸಬೇಡಿ, ಹೆಸರು ಹಿಡಿದು ಕರೆದರೆ ಮುನಿಸು, ಇಂಥವೆಲ್ಲ. 2024ರ ಏಪ್ರಿಲ್‌ನಿಂದ ಮನೆಯವರ ಭೇಟಿಗೆ ಅವಕಾಶ ಕೊಡಲೇಬೇಕು ಎಂಬ ನಿಯಮವೂ ಬಂದಿದೆ. ಕೊರೊನಾ ಕಾಲದ ಕಿಟಕಿ ಭೇಟಿಗಳಿಂದ ಬಂದ ಬುದ್ಧಿ. ಹೋದಾಗ ಕಾಲಿನ ಉಗುರು, ಕಿವಿಯ ಯಂತ್ರದ ಬ್ಯಾಟರಿ, ಹಾಕಿರುವ ಬಟ್ಟೆ ಅವರದೇನಾ ಅಂತ ನೋಡುತ್ತೇನೆ. ಬಟ್ಟೆ ಮಾತ್ರ ಈಗಲೂ ಅದಲುಬದಲು ಆಗುತ್ತದೆ. ಹೇಳುತ್ತಲೇ ಇದ್ದೇನೆ.

ಬೆಂಗಳೂರಿನಲ್ಲೂ ಮರೆವಿನವರಿಗೆಂದೇ ಮನೆಗಳು ಬಂದಿವೆ. ಕಸ್ತೂರಿನಗರದ ನೈಟಿಂಗೇಲ್ಸ್ ಕೇಂದ್ರ ದಶಕಕ್ಕೂ ಹಿಂದಿನದು. ಅಲ್ಲಿ ಬಾಗಿಲ ಮೇಲೆ ದರ್ಜೆ ಅಂಟಿಸುವ ಪದ್ಧತಿ ಇಲ್ಲ, ಹಾಗಾಗಿ ನೋಡುವ ಕೆಲಸ ಪೂರ್ತಿ ನಮ್ಮದೇ. ಮೊನ್ನೆ ಚಿಕ್ಕಪ್ಪ ಜಯನಗರದಿಂದ ಫೋನ್ ಮಾಡಿ, ಸ್ನೇಹಿತರೊಬ್ಬರಿಗೆ ಬೇಕು, ಏನು ಕೇಳಬೇಕಮ್ಮಾ ಅಂದರು. ಕತ್ತಲಾದ ಮೇಲೆ ಹೇಳದೆ ಹೋಗಿ ಚಿಕ್ಕಪ್ಪ ಅಂದೆ. ಬಿಡದಿದ್ದರೆ ಯಾಕೆ ಅಂತ ಕೇಳಿ. ರಾತ್ರಿ ಬಿದ್ದರೆ ಆಸ್ಪತ್ರೆಗೆ ಜೊತೆಯಲ್ಲಿ ಯಾರು ಹೋಗ್ತಾರೆ, ಅಲ್ಲಿ ಬೆಳಗಿನ ತನಕ ಯಾರು ಕೂತಿರ್ತಾರೆ, ಅದನ್ನು ಕರಾರಿನಲ್ಲಿ ಬರೆಸಿಕೊಳ್ಳಿ.